ಒಸಡಿಗೆ ಕಡ್ಡಿ ಚುಚ್ಚಿ ಹೇಳಿದ ಆ ನಂಬರುಗಳ ಅರ್ಥ

ಡಾಕ್ಟರು ಒಸಡಿಗೆ ತೆಳು ಕಡ್ಡಿ ಹಾಕಿ ‘ಮೂರು, ಎರಡು, ಐದು’ ಅಂತ ಬರೆಸಿದರು, ನೋವೇ ಇಲ್ಲದಿರುವಾಗ ಇದೆಲ್ಲ ಯಾಕೆ ಅಂತ ಕೇಳಿದ್ದೀರಿ. ನೋವಿಲ್ಲ ಅನ್ನುವುದೇ ಒಸಡಿನ ಕಾಯಿಲೆಯ ದೊಡ್ಡ ತೊಂದರೆ. ಬಹಳ ಜನಕ್ಕೆ ಹಲ್ಲು ಅಲ್ಲಾಡುವ ತನಕ ಗೊತ್ತೇ ಆಗುವುದಿಲ್ಲ.

ಆ ಕಡ್ಡಿಯ ಹೆಸರು ಪ್ರೋಬ್. ಅದರ ಮೇಲೆ ಮಿಲಿಮೀಟರ್ ಗುರುತುಗಳಿರುತ್ತವೆ. ಹಲ್ಲಿಗೂ ಒಸಡಿಗೂ ನಡುವಿನ ಸಂದಿ ಎಷ್ಟು ಆಳ ಅಂತ ಅದರಲ್ಲಿ ಅಳೆಯುತ್ತಾರೆ. ಒಂದೊಂದು ಹಲ್ಲಿಗೂ 6 ಕಡೆ, ಹೊರಗೆ ಮೂರು, ಒಳಗೆ ಮೂರು. 1ರಿಂದ 3 ಮಿಲಿಮೀಟರ್ ಬಂದರೆ ಸಾಮಾನ್ಯ. 4 ಅಥವಾ ಜಾಸ್ತಿ ಬಂದರೆ ಅಲ್ಲಿ ‘ಪಾಕೆಟ್’, ಅಂದರೆ ಒಸಡು ಹಲ್ಲಿನಿಂದ ಬಿಟ್ಟುಕೊಂಡು ಆಳವಾದ ಸಂದಿ, ಆಗಿರಬಹುದು, ಬ್ರಷ್ ಅಷ್ಟು ಆಳಕ್ಕೆ ಹೋಗುವುದಿಲ್ಲ. ನಿಮ್ಮ ಆ ‘ಐದು’ ಇರುವ ಜಾಗವನ್ನು ಸುಮ್ನೆ ಬಿಡಬೇಡಿ.

ಪ್ರೋಬ್ ತೆಗೆದ ಮೇಲೆ ರಕ್ತ ಬರುತ್ತಾ ಅಂತಲೂ ನೋಡುತ್ತಾರೆ. ಬಂದರೆ ಉರಿಯೂತ ಇದೆ ಅಂತ. ಆದರೆ ಸಿಗರೇಟ್ ಸೇದುವವರಲ್ಲಿ ಕಾಯಿಲೆ ಇದ್ದರೂ ರಕ್ತ ಕಡಿಮೆ ಬರುತ್ತದೆ. ಸೇದುತ್ತಿದ್ದರೆ ದಯವಿಟ್ಟು ಮುಚ್ಚಿಡಬೇಡಿ. ಸಕ್ಕರೆ ಕಾಯಿಲೆ ಇದ್ದರೂ ಹೇಳಿ.

ಒಸಡು ಎಷ್ಟು ಕೆಳಗೆ ಜಾರಿದೆ, ಹಲ್ಲು ಅಲ್ಲಾಡುತ್ತಾ ಅನ್ನುವುದನ್ನೂ ಗಮನಿಸುತ್ತಾರೆ. ಒಸಡು ಊದಿಕೊಂಡಿದ್ದರೂ ಆಳ ಜಾಸ್ತಿ ತೋರಿಸಬಹುದು, ಅಲ್ವಾ? ಅದಕ್ಕೇ ಎಕ್ಸ್‌ರೇ ಬೇಕು. ಹಲ್ಲನ್ನು ಹಿಡಿದಿರುವ ಮೂಳೆ ಕರಗಿದೆಯಾ ಅಂತ ಅದರಲ್ಲಿ ಕಾಣುತ್ತದೆ. ಮೂಳೆ ಸರಿಯಿದ್ದು ಬರೀ ಒಸಡಿನ ಊತ ಆಗಿದ್ದರೆ, ಚೆನ್ನಾಗಿ ಕ್ಲೀನ್ ಮಾಡಿಸಿಕೊಂಡರೆ ಪೂರ್ತಿ ವಾಸಿಯಾಗುತ್ತದೆ. ಕರಗಿದ ಮೂಳೆ ಮಾತ್ರ ತಾನಾಗಿ ಹಿಂದಿನಂತೆ ಬೆಳೆಯುವುದಿಲ್ಲ, ಆದರೆ ಇನ್ನೂ ಕರಗದಂತೆ ತಡೆಯಬಹುದು.

ಮುಂದಿನ ಸಲ ಹೋದಾಗ ಆ ನಂಬರುಗಳನ್ನು ಬರೆಸಿದ ಚಾರ್ಟಿನ ಒಂದು ಕಾಪಿ ಕೇಳಿ ಇಟ್ಟುಕೊಳ್ಳಿ. ಚಿಕಿತ್ಸೆ ಆದ ಮೇಲೆ ಮತ್ತೆ ಅಳೆದಾಗ ಆ 5 ಎಷ್ಟಕ್ಕೆ ಇಳಿದಿದೆ ಅಂತ ನೀವೇ ಹೋಲಿಸಿ ನೋಡಬಹುದು.