ನಾಜಿ ಪಕ್ಷದ ಕೃಷಿಕ ರಾಜಕಾರಣಿ ವರ್ನರ್ ವಿಲ್ಲಿಕೆನ್ಸನನ್ನು ‘ಆರ್ಥಿಕ ಕುಸಿತಕ್ಕೆ ಸಿಕ್ಕಿ ಹಿಟ್ಲರನ ಬಲೆಗೆ ಬಿದ್ದ ಮುಗ್ಧ ರೈತ’ ಎಂದು ಪ್ರಬಂಧದಲ್ಲಿ ಪರಿಚಯಿಸಬಹುದೇ?

ಬೇಡ. ಇತಿಹಾಸದ ಎಂ.ಎ. ಓದುವಾಗ ನಾನೂ ಹೆಚ್ಚುಕಡಿಮೆ ಇದೇ ವಾಕ್ಯ ಬರೆದಿದ್ದೆ. ನಮ್ಮ ಮನೆಯ ಹೊಲ ಸಾಲಕ್ಕೆ ಹೋಗಿತ್ತು. ಹಾಗಾಗಿ ಜರ್ಮನಿಯ ಗೋಸ್ಲಾರ್ ಸೀಮೆಯ ಈ ಕೃಷಿಕನ ಬಗ್ಗೆ ಓದಿದರೂ ನನಗೆ ಕಂಡದ್ದು ಅಜ್ಜನ ಮುಖವೇ.

ಕೆಟ್ಟದ್ದು ಎಲ್ಲಿ ಎಂದರೆ ವರ್ಷಗಳಲ್ಲಿ. ಆ ಆರ್ಥಿಕ ಕುಸಿತಕ್ಕೆ ನಾಂದಿಯಾಗಿ ನ್ಯೂಯಾರ್ಕ್ ಷೇರುಪೇಟೆ ಕುಸಿದದ್ದು 1929ರ ಅಕ್ಟೋಬರಿನಲ್ಲಿ. ವಿಲ್ಲಿಕೆನ್ಸ್ 1928ರ ಮೇ ತಿಂಗಳ ಚುನಾವಣೆಯಲ್ಲೇ ಜರ್ಮನಿಯ ಸಂಸತ್ತಿಗೆ ಹೋಗಿದ್ದ. ಆಗ ನಾಜಿ ಪಕ್ಷಕ್ಕೆ ಬಂದದ್ದು ಶೇ. 2.6 ಮತ, 12 ಸ್ಥಾನ. ಮುಂದೆ ಹಿಟ್ಲರನ ಮಂತ್ರಿಗಳಾದ ಗೋಬೆಲ್ಸ್, ಗೋರಿಂಗ್ ಕುಳಿತ ಸಾಲಿನಲ್ಲಿ ಇವನೂ ಒಬ್ಬ. ಎರಡೂ ವರ್ಷಗಳು ನನ್ನ ಟಿಪ್ಪಣಿಯ ಒಂದೇ ಪುಟದಲ್ಲಿದ್ದವು. ಪಕ್ಕಪಕ್ಕ ಇಟ್ಟು ನೋಡಲಿಲ್ಲ, ಏಕೆಂದರೆ ನೋಡಿದರೆ ಕಥೆ ಮುರಿಯುತ್ತಿತ್ತು. ಬೆಳೆಯ ಬೆಲೆ 1929ಕ್ಕೂ ಮೊದಲೇ ಬಿದ್ದಿತ್ತು, 1928ರಲ್ಲಿ ಉತ್ತರ ಜರ್ಮನಿಯ ರೈತರು ಬೀದಿಗಿಳಿದಿದ್ದರು, ನಿಜ. ಆದರೆ ಆ ವರ್ಷ ಅವರಲ್ಲಿ ಬಹುಪಾಲು ಜನ ಈ ಪಕ್ಷಕ್ಕೆ ಮತ ಹಾಕಲಿಲ್ಲ. ಮೌಖಿಕ ಪರೀಕ್ಷೆಯಲ್ಲಿ ಮೇಷ್ಟ್ರು ಕೇಳಿದ್ದು ಒಂದೇ ಪ್ರಶ್ನೆ: “ಮನೆಗೆ ಬೆಂಕಿ ಬೀಳುವ ಮೊದಲೇ ಇವನು ಓಡಿಬಂದದ್ದು ಹೇಗಪ್ಪಾ?” ಪ್ರಬಂಧ ವಾಪಸಾಯಿತು, ಅದನ್ನು ನಂಬಿಕೊಂಡಿದ್ದ ಸಂಶೋಧನಾ ವೇತನವೂ ಕೈತಪ್ಪಿತು.

ಹಾಗಾಗಿ ‘ಮುಗ್ಧ’ ಎಂಬ ಪದವನ್ನು ಮೊದಲು ಹೊಡೆದುಹಾಕಿ. 1933ರಲ್ಲಿ ಇವನು ಜರ್ಮನಿಯ ಅತಿದೊಡ್ಡ ರಾಜ್ಯವಾದ ಪ್ರಷ್ಯಾದ ಕೃಷಿ ಸಚಿವಾಲಯದ ಕಾರ್ಯದರ್ಶಿಯಾದ. ಅದೇ ಸೆಪ್ಟೆಂಬರಿನಲ್ಲಿ ಹಿಟ್ಲರನ ಕೃಷಿ ಸಚಿವ ಡಾರ್ರೆಯ ಜಮೀನು ಕಾನೂನು ಬಂತು: ಏಳೂವರೆ ಹೆಕ್ಟೇರ್, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು ಹದಿನೆಂಟೂವರೆ ಎಕರೆಯಿಂದ 125 ಹೆಕ್ಟೇರ್‌ವರೆಗಿನ ಹಿಡುವಳಿಯನ್ನು ಮಾರುವಂತಿಲ್ಲ, ಅಡವಿಡುವಂತಿಲ್ಲ, 1800ರಿಂದೀಚೆಗೆ ವಂಶದಲ್ಲಿ ಯಹೂದಿ ರಕ್ತವಿದ್ದವನು ಅಂಥ ಜಮೀನಿನ ‘ರೈತ’ನೇ ಅಲ್ಲ. ಸಾಲದಿಂದ ರಕ್ಷಣೆ ಎಂದು ಮೆಚ್ಚುವವರು ಈ ಕೊನೆಯ ಷರತ್ತನ್ನು ಓದುವುದೇ ಇಲ್ಲ.

1934ರ ಫೆಬ್ರವರಿ 21ರಂದು ಕೃಷಿ ಅಧಿಕಾರಿಗಳ ಮುಂದೆ ವಿಲ್ಲಿಕೆನ್ಸ್ ಹೇಳಿದ್ದರ ಸಾರ ಇದು: ನಾಯಕ, ಅಂದರೆ ಹಿಟ್ಲರ್, ಎಲ್ಲವನ್ನೂ ಮೇಲಿನಿಂದ ಆಜ್ಞಾಪಿಸಲಾರ, ಅವನ ಮನಸ್ಸನ್ನು ಅರಿತು ಪ್ರತಿಯೊಬ್ಬನೂ ತಾನಾಗಿಯೇ ಆ ದಿಕ್ಕಿನಲ್ಲಿ ದುಡಿಯಬೇಕು. ನಾಜಿ ಆಡಳಿತ ನಡೆದ ಬಗೆಯನ್ನು ವಿವರಿಸಲು ಇತಿಹಾಸಕಾರ ಇಯಾನ್ ಕರ್ಶಾ ಇದನ್ನೇ ಕೀಲಿಯಾಗಿ ಹಿಡಿದರು. ಬಲೆಗೆ ಬಿದ್ದವನ ಮಾತೇ ಇದು? ಬಲೆ ಹೆಣೆಯುವುದನ್ನು ಉಳಿದವರಿಗೆ ಕಲಿಸುತ್ತಿದ್ದ.

ಇವನ ಬದಲು ಡಾರ್ರೆಯನ್ನೇ ಆರಿಸಿಕೊಳ್ಳಲೇ ಎಂದೂ ಕೇಳಿದ್ದೀರಿ. ಅವನು ಬ್ಯೂನಸ್ ಐರಿಸ್‌ನಲ್ಲಿ ಹುಟ್ಟಿ, ಕೃಷಿ ಓದಿ, ರೈತರ ಬಗ್ಗೆ ಸಿದ್ಧಾಂತ ಬರೆದವನು. ಹೊಲದಿಂದ ಬಂದವನೇ ಬೇಕಿದ್ದರೆ ವಿಲ್ಲಿಕೆನ್ಸನನ್ನು ಬಿಡಬೇಡಿ. 1934ರ ಭಾಷಣದಿಂದ ಶುರುಮಾಡಿ, ಅಲ್ಲಿಂದ 1928ಕ್ಕೆ ಹಿಂದಿರುಗಿ. ಸಾಲದ ವಿಚಾರ ಅಡಿಟಿಪ್ಪಣಿಯಲ್ಲಿದ್ದರೆ ಸಾಕು.