ಹೊಳೆಬದಿಯ ಮನೆಗೆ ಕಂಪೌಂಡು ಮೊದಲೋ, ತೋಡು ಮೊದಲೋ?

ಪ್ರಶ್ನೆ: ಶಿರಿಯ ಹೊಳೆಗೆ ತಾಗಿದ ಬೈಲಿನಲ್ಲಿ ನಮ್ಮ ಮನೆಯಿದೆ. ಮುರಕಲ್ಲಿನ ಗೋಡೆ, ಹೆಂಚಿನ ಮಾಡು. ಕಳೆದೆರಡು ಮಳೆಗಾಲಗಳಲ್ಲಿ ನೀರು ಅಂಗಳ ದಾಟಿ ಜಗಲಿಗೆ ಬಂತು. ಸುತ್ತಲೂ ಎತ್ತರದ ಕಂಪೌಂಡು ಕಟ್ಟಿಸೋಣವೆಂದು ಅಣ್ಣ ಹೇಳುತ್ತಾರೆ. ಮನೆಯಲ್ಲಿ ನಡೆಯಲಾರದ ಅಮ್ಮ ಮತ್ತು ಇಬ್ಬರು ಸಣ್ಣ ಮಕ್ಕಳಿದ್ದಾರೆ. ಯಾವುದು ಸೂಕ್ತ?
– ಬಂದ್ಯೋಡು ಸಮೀಪದ ಓದುಗರು

ಉತ್ತರ: ಅಣ್ಣನವರ ಆತಂಕ ಅರ್ಥವಾಗುವಂಥದ್ದು. ಆದರೆ ಕಂಪೌಂಡಿಗೆ ಹಣ ಹಾಕುವ ಮೊದಲು, ಜಗಲಿಗೆ ಬರುವ ನೀರು ಹೊಳೆ ತುಂಬಿ ಹಿಂದಕ್ಕೆ ಒತ್ತಿದ ನೀರೋ ಅಥವಾ ಗುಡ್ಡೆಯಿಂದ ಇಳಿದು ಹೊಳೆ ಸೇರಲಾರದೆ ಬೈಲಿನಲ್ಲಿ ನಿಂತ ನೀರೋ ಎಂಬುದನ್ನು ತಿಳಿದುಕೊಳ್ಳಬೇಕು. ಕಾಸರಗೋಡು ಜಿಲ್ಲೆಯ ಹನ್ನೆರಡು ಹೊಳೆಗಳೂ ಗಿಡ್ಡ ಹೊಳೆಗಳೇ. ಅತ್ಯಂತ ಉದ್ದದ ಚಂದ್ರಗಿರಿಯೂ ಸುಮಾರು 105 ಕಿಲೋಮೀಟರಿನಷ್ಟೇ ಇದೆ. ಮುರಕಲ್ಲಿನ ಬೋಳುಗುಡ್ಡೆಗಳ ಮೇಲೆ ಬಿದ್ದ ಜಡಿಮಳೆಯ ಹೆಚ್ಚಿನ ಪಾಲು ಇಂಗದೆ ನೇರವಾಗಿ ತೋಡಿಗೆ ಇಳಿಯುವುದರಿಂದ, ಇಲ್ಲಿ ನೆರೆ ಕೆಲವೇ ಗಂಟೆಗಳಲ್ಲಿ ಏರುತ್ತದೆ ಮತ್ತು ಸಾಮಾನ್ಯವಾಗಿ ಬೇಗನೆ ಇಳಿಯುತ್ತದೆ. ಮಧೂರು ದೇವಸ್ಥಾನದ ಅಂಗಳಕ್ಕೆ ಮಧುವಾಹಿನಿ ಹೊಳೆ ನುಗ್ಗುವುದನ್ನು ಕಂಡವರಿಗೆ ಇದು ಹೊಸ ವಿಷಯವಲ್ಲ. ಸಮುದ್ರದ ಉಬ್ಬರ ಅಳಿವೆಯಲ್ಲಿ ನೀರನ್ನು ತಡೆದಾಗ ಮಾತ್ರ ಅದು ಇಳಿಯಲು ತಡವಾಗುತ್ತದೆ. ಆದ್ದರಿಂದ ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನ ದೊಡ್ಡ ಉಬ್ಬರದ ದಿನಗಳಲ್ಲಿ ಅಳಿವೆಗೆ ಹತ್ತಿರವಿರುವ ನಿಮ್ಮಂಥವರು ಹೆಚ್ಚು ಎಚ್ಚರದಿಂದಿರಬೇಕು.

ಈಗ ಕಂಪೌಂಡಿನ ಮಾತು. ಗೋಡೆಯ ಒಂದು ಬದಿಯಲ್ಲಿ ಅರ್ಧ ಮೀಟರ್ ನೀರು ನಿಂತರೆ ಗೋಡೆಯ ಪ್ರತಿ ಮೀಟರ್ ಉದ್ದದ ಮೇಲೆ ಸುಮಾರು 125 ಕಿಲೋ ಒತ್ತಡ ಬೀಳುತ್ತದೆ. ಎತ್ತರ ಇಮ್ಮಡಿಯಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. ಒಂದು ಮೀಟರ್ ನೀರಿಗೆ ಅದು ಸುಮಾರು 500 ಕಿಲೋ. ಸರಳಿಲ್ಲದ ಸಾಧಾರಣ ಕಲ್ಲುಗೋಡೆ ಇದನ್ನು ತಾಳುತ್ತದೆಂದು ನಂಬುವಂತಿಲ್ಲ, ಮತ್ತು ಅದು ಬೀಳುವಾಗ ಒಮ್ಮೆಲೇ ಬೀಳುತ್ತದೆ. ಇನ್ನು, ಗುಡ್ಡೆಯ ನೀರೇ ಸಮಸ್ಯೆಯಾಗಿದ್ದರೆ ಕಂಪೌಂಡು ಆ ನೀರನ್ನು ನಿಮ್ಮ ಅಂಗಳದೊಳಗೇ ಕೂಡಿಹಾಕಬಹುದು, ಇಲ್ಲವೇ ನೆರೆಮನೆಯವರ ಅಂಗಳಕ್ಕೆ ತಿರುಗಿಸಬಹುದು. ಬೈಲಿನಲ್ಲಿ ನೆರೆಕರೆಯ ಮನಸ್ತಾಪ ನೆರೆನೀರಿಗಿಂತ ಹೆಚ್ಚು ಕಾಲ ನಿಲ್ಲುತ್ತದೆ. ಬಾಗಿಲಿಗೆ ಮರಳಿನ ಚೀಲ ಇಡುವುದಕ್ಕೆ ನನ್ನ ವಿರೋಧವಿಲ್ಲ. ಮುಕ್ಕಾಲು ಪಾಲಿಗಿಂತ ಕಡಿಮೆ ತುಂಬಿದ ಚೀಲಗಳನ್ನು, ಕಲ್ಲು ಕಟ್ಟುವಾಗ ಸಂದು ತಪ್ಪಿಸುವಂತೆ ಜೋಡಿಸಿ, ನೀರಿನ ಬದಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿದರೆ ಒಂದು–ಒಂದೂವರೆ ಅಡಿಯ ನೀರನ್ನು ಸ್ವಲ್ಪ ಹೊತ್ತು ತಡೆಯಬಹುದು. ಅದಕ್ಕಿಂತ ಹೆಚ್ಚು ನೀರು ಬಂದಾಗ ಹೊರಗಡೆ ತಡೆದು ನಿಲ್ಲಿಸುವ ಹಟ ಬೇಡ. ಮಣ್ಣಿನ ಗಾರೆಯಲ್ಲಿ ಕಟ್ಟಿದ ಹಳೆಯ ಮುರಕಲ್ಲಿನ ಗೋಡೆಗೆ ಒಂದೇ ಬದಿಯ ಒತ್ತಡವೇ ಹೆಚ್ಚು ಅಪಾಯಕಾರಿ.

ಅದೇ ಹಣದ ಸಣ್ಣ ಪಾಲನ್ನು ತೋಡಿಗೆ ಹಾಕಿರಿ. ಬೇಸಿಗೆಯಲ್ಲಿ ನೀರು ನಿಲ್ಲಿಸಲು ಹಾಕಿದ ಕಟ್ಟದ ಮಣ್ಣು, ಕಲ್ಲು ಮತ್ತು ಹಲಗೆಗಳನ್ನು ಮೇ ತಿಂಗಳಲ್ಲೇ ಪೂರ್ತಿ ತೆಗೆಯಬೇಕು. ಅರ್ಧಂಬರ್ಧ ಬಿಟ್ಟ ಕಟ್ಟಕ್ಕೆ ಮೊದಲ ಮಳೆಯ ಸೋಗೆ, ತೆಂಗಿನ ಮಡಲು, ಬಿದ್ದ ಅಡಿಕೆ ಮರ ಸಿಕ್ಕಿಕೊಂಡು ತೋಡು ತುಂಬಿ ತೋಟಕ್ಕೆ ತಿರುಗುತ್ತದೆ. ತೋಟದ ಕಣಿಗಳ ಹೂಳು ತೆಗೆದು, ಅವು ತೋಡನ್ನು ಸೇರುವ ಬಾಯಿಯನ್ನೂ ಬಿಡಿಸಿರಿ. ರಸ್ತೆಗೆ ಮಣ್ಣು ತುಂಬಿಸಿ ಎತ್ತರಿಸಿದ ಕಡೆ ಹಳೆಯ ಮೋರಿ ಸಾಲದೆ ಹೋಗಿದ್ದರೆ, ಬೈಲಿನವರೆಲ್ಲ ಒಟ್ಟಾಗಿ ಮಳೆಗಾಲಕ್ಕೆ ಮೊದಲೇ ಪಂಚಾಯತಿಗೆ ಬರೆದುಕೊಡಿ. ಒಬ್ಬರ ಅರ್ಜಿಗಿಂತ ಹತ್ತು ಮನೆಗಳ ಸಹಿಗೆ ತೂಕ ಹೆಚ್ಚು.

ಮನೆಯೊಳಗೆ ಮೊದಲು ಆಗಬೇಕಾದದ್ದು ವಿದ್ಯುತ್ತಿನ ಕೆಲಸ. ವಯರ್‌ಮ್ಯಾನ್‌ನಿಂದ ಕೆಳಗಿರುವ ಪ್ಲಗ್ ಪಾಯಿಂಟುಗಳನ್ನು, ಹಿಂದೆ ಬಂದ ನೀರಿನ ಗುರುತಿಗಿಂತ ಸಾಕಷ್ಟು ಮೇಲಕ್ಕೆ ಏರಿಸಿಕೊಳ್ಳಿ. ಸೋರಿಕೆಯಾದಾಗ ವಿದ್ಯುತ್ತನ್ನು ಕಡಿಯುವ ಇಎಲ್‌ಸಿಬಿ ಕೆಲಸ ಮಾಡುತ್ತಿದೆಯೇ ಎಂದು ನೋಡಿಸಿರಿ. ನೀರು ಅಂಗಳಕ್ಕೆ ಬಂದಾಗಲೇ, ಕಾಲು ಒದ್ದೆಯಾಗುವ ಮೊದಲು, ಮೈನ್ ಸ್ವಿಚ್ ಆರಿಸಬೇಕು. ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಮುಚ್ಚಿ, ಸಿಲಿಂಡರನ್ನು ಕಟ್ಟಿಹಾಕಿರಿ, ಅದು ತೇಲುತ್ತದೆ. ಜಾಗದ ದಾಖಲೆ, ರೇಷನ್ ಕಾರ್ಡು, ಅಮ್ಮನ ಔಷಧಿ ಮತ್ತು ಚೀಟಿ ಒಂದೇ ಪ್ಲಾಸ್ಟಿಕ್ ಚೀಲದಲ್ಲಿರಲಿ. ಅಡಿಕೆಯ ಗೋಣಿಗಳನ್ನು ಮಳೆಗಾಲಕ್ಕೆ ಮೊದಲೇ ಅಟ್ಟಕ್ಕೆ ಏರಿಸಿರಿ.

ಆದರೆ ನಿಮ್ಮ ಮನೆಯಲ್ಲಿ ಮುಖ್ಯ ಪ್ರಶ್ನೆ ಅಮ್ಮನದು. ನಡೆಯಲಾರದವರನ್ನು ರಾತ್ರಿ ಮೊಣಕಾಲು ನೀರಿನಲ್ಲಿ ಎತ್ತಿಕೊಂಡು ಹೋಗುವ ಪರಿಸ್ಥಿತಿ ಬರಬಾರದು. ಹವಾಮಾನ ಇಲಾಖೆಯ ಆರೆಂಜ್ ಎಚ್ಚರಿಕೆಯೊಂದಿಗೆ ಸಾಮಾನ್ಯವಾಗಿ ಹೇಳುವ ಅತಿ ಭಾರಿ ಮಳೆಯೆಂದರೆ 24 ಗಂಟೆಗಳಲ್ಲಿ 115.6ರಿಂದ 204.4 ಮಿಲಿಮೀಟರ್, ರೆಡ್ ಎಂದರೆ ಅದನ್ನೂ ಮೀರಿದ್ದು. ಆರೆಂಜ್ ಎಂದ ಕೂಡಲೇ, ಹಗಲಿನಲ್ಲೇ, ಅವರನ್ನು ಮತ್ತು ಮಕ್ಕಳನ್ನು ಎತ್ತರದಲ್ಲಿರುವ ನೆಂಟರ ಮನೆಗೆ ಕರೆದೊಯ್ಯುವುದೆಂದು ಈಗಲೇ ನಿಶ್ಚಯಿಸಿಕೊಳ್ಳಿ. ನಿಮ್ಮ ಅಂಗಳದಲ್ಲಿ ಬಿಸಿಲಿದ್ದರೂ ಮೂಡಣ ಗುಡ್ಡೆಗಳಲ್ಲಿ ಮಳೆಯಾದರೆ ಹೊಳೆ ಏರುತ್ತದೆ. ಹರಿಯುವ ನೀರು ಮೊಣಕಾಲಿಗಿಂತ ಕೆಳಗಿದ್ದರೂ ಮನುಷ್ಯನನ್ನು ಕೆಡವಬಲ್ಲದು. ಮುಳುಗಿದ ಕಾಲುಸಂಕವನ್ನು ಯಾರೂ ದಾಟಬಾರದು. ಜಿಲ್ಲೆಯ ತುರ್ತು ಸಂಖ್ಯೆ 1077 ಮತ್ತು ವಿದ್ಯುತ್ ಮಂಡಳಿಯ 1912 ಗೋಡೆಯ ಮೇಲೆ ಬರೆದಿರಲಿ.

ಪ್ರಶ್ನೆ: ನೆರೆನೀರು ಬಾವಿಗೆ ಸೇರಿದೆ. ಎಷ್ಟು ಬ್ಲೀಚಿಂಗ್ ಪೌಡರ್ ಹಾಕಬೇಕು?
– ಕುಂಬಳೆಯ ಗೃಹಿಣಿ

ಉತ್ತರ: ನೆರೆಯ ಬಳಿಕ ಸಾವಿರ ಲೀಟರಿಗೆ 5 ಗ್ರಾಂ. ಎರಡು ಮೀಟರ್ ಅಗಲದ ದುಂಡು ಬಾವಿಯಲ್ಲಿ ನಾಲ್ಕು ಮೀಟರ್ ನೀರಿದ್ದರೆ ಅದು ಸುಮಾರು 12,500 ಲೀಟರ್. ಸುಮಾರು 63 ಗ್ರಾಂ ಪುಡಿ ಸಾಕು. ಪುಡಿಯನ್ನು ಬಕೆಟಿನಲ್ಲಿ ಕಲಸಿ, ಗಷ್ಟು ತಳಕ್ಕಿಳಿದ ಮೇಲೆ ತಿಳಿಯನ್ನು ಮಾತ್ರ ಬಾವಿಗೆ ಹೊಯ್ದು, ಕೊಡಪಾನದಿಂದ ನೀರನ್ನು ಮೇಲೆ ಕೆಳಗೆ ಕದಡಿ, ಒಂದು ಗಂಟೆಯ ಬಳಿಕ ಬಳಸಬಹುದು. ಆದರೂ ಕುಡಿಯುವ ನೀರನ್ನು ಕುದಿಸಲೇಬೇಕು. ಕೆಸರು ತೆಗೆಯುವವರ ಕಾಲಲ್ಲಿ ಗಾಯವಿದ್ದರೆ ಇಲಿಜ್ವರದ ಭಯವಿದೆ. ಮುನ್ನೆಚ್ಚರಿಕೆಯ ಮಾತ್ರೆಯ ಬಗ್ಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿರಿ.

ಪ್ರಶ್ನೆ: ನೆರೆಯಿಂದಾದ ನಷ್ಟಕ್ಕೆ ವಿಮೆ ಸಿಗುತ್ತದೆಯೇ? ಗ್ರಾಮ ಕಚೇರಿಗೆ ಕನ್ನಡದಲ್ಲಿ ಅರ್ಜಿ ಕೊಡಬಹುದೇ?
– ಮಂಜೇಶ್ವರದ ಓದುಗರು

ಉತ್ತರ: 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ‘ಭಾರತ್ ಗೃಹ ರಕ್ಷಾ’ ಪಾಲಿಸಿಯಲ್ಲಿ ನೆರೆ, ಬಿರುಗಾಳಿ ಮತ್ತು ಭೂಕುಸಿತದ ನಷ್ಟ ಸೇರಿದೆ. ಕಟ್ಟಡಕ್ಕೆ ವಿಮೆ ಮಾಡಿಸಿದರೆ ಮನೆಸಾಮಾನಿಗೂ ಕಟ್ಟಡದ ಮೊತ್ತದ ಶೇಕಡಾ 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿಯವರೆಗೆ, ತಾನಾಗಿಯೇ ರಕ್ಷಣೆ ದೊರೆಯುತ್ತದೆ. ನೆರೆ ಬಂದ ಮೇಲೆ ಮಾಡಿಸಿದರೆ ಆದ ನಷ್ಟಕ್ಕೆ ಪ್ರಯೋಜನವಿಲ್ಲ. ಸ್ವಚ್ಛಗೊಳಿಸುವ ಮೊದಲು, ಗೋಡೆಯ ಮೇಲಿನ ನೀರಿನ ಗುರುತು ಕಾಣುವಂತೆ, ಪ್ರತಿ ಕೋಣೆಯ ಫೋಟೋ ತೆಗೆದಿಡಿ.

ಸರಕಾರದ ಪರಿಹಾರಕ್ಕೆ ಗ್ರಾಮ ಕಚೇರಿಗೆ ಅರ್ಜಿ ಕೊಡಬೇಕು, ಮತ್ತು ಅದನ್ನು ಕನ್ನಡದಲ್ಲೇ ಕೊಡಬಹುದು. ಕೇರಳದ ಅಧಿಕೃತ ಭಾಷಾ ಕಾನೂನಿಗೆ 1973ರಲ್ಲಿ ಆದ ತಿದ್ದುಪಡಿ ಕನ್ನಡ ಅಲ್ಪಸಂಖ್ಯಾತರಿಗೆ ತಮ್ಮ ಪ್ರದೇಶದ ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕನ್ನು ಕೊಟ್ಟಿದೆ. ಉತ್ತರವೂ ಕನ್ನಡದಲ್ಲೇ ಬರಬೇಕು. ಅರ್ಜಿಯ ಪ್ರತಿಯೊಂದರ ಮೇಲೆ ದಿನಾಂಕ ಸಹಿತ ಸ್ವೀಕೃತಿ ಪಡೆದುಕೊಳ್ಳಲು ಮರೆಯಬೇಡಿ.