ಓದುಗರ ಪ್ರಶ್ನೆ: ಸೈನೈಡ್ ದಿಬ್ಬದ ಮಣ್ಣಿನಿಂದ ಶಿಲ್ಪ

ಪ್ರಶ್ನೆ: ಸೆರಾಮಿಕ್ ಕಲೆಯ ವಿದ್ಯಾರ್ಥಿನಿ ನಾನು. ನಮ್ಮ ಅಜ್ಜ ಕೋಲಾರದ ಚಿನ್ನದ ಗಣಿಯಲ್ಲಿ ದುಡಿದವರು. ಅಲ್ಲಿನ ಸೈನೈಡ್ ದಿಬ್ಬಗಳನ್ನು ಕುರಿತು ಶಿಲ್ಪಗಳನ್ನು ಮಾಡಬೇಕೆಂದಿದ್ದೇನೆ. ಆ ದಿಬ್ಬದ ಮಣ್ಣನ್ನೇ ಬಳಸಬಹುದೆ, ಅಥವಾ ಅಂಗಡಿಯಲ್ಲಿ ಸಿಗುವ ಜೇಡಿಯಲ್ಲಿ ಅದರ ಆಕಾರ ತಂದರೆ ಸಾಕೆ?
— ಓದುಗರೊಬ್ಬರು, ಬಂಗಾರಪೇಟೆ

ಉತ್ತರ: ನೀವು ಮಣ್ಣು ಎನ್ನುತ್ತಿರುವುದು ನಿಜಕ್ಕೂ ಮಣ್ಣಲ್ಲ. ಪಾತಾಳದಿಂದ ಮೇಲೆತ್ತಿದ ಅದಿರನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದುಕೊಂಡ ಮೇಲೆ ಉಳಿದ ಬೆಣಚುಕಲ್ಲು, ಕರಿಕಲ್ಲುಗಳ ಪುಡಿ ಅದು. 1880ರಲ್ಲಿ ಜಾನ್ ಟೇಲರ್ ಕಂಪನಿ ಅಲ್ಲಿಗೆ ಕಾಲಿಟ್ಟ ಮೇಲೆ ಲಾಭ ಲಂಡನ್ನಿನ ಷೇರುದಾರರಿಗೆ ಹೋಯಿತು. ಮುಂದೆ ಗಣಿ ಸರ್ಕಾರದ ಕೈಗೆ ಬಂದು 2001ರಲ್ಲಿ ಮುಚ್ಚಿದಾಗ ಊರಿನ ಪಾಲಿಗೆ ಉಳಿದದ್ದು ಮೂರು ಕೋಟಿ ಟನ್ನಿಗೂ ಮಿಕ್ಕಿದ ಈ ಪುಡಿ.

ಅದಕ್ಕೆ ಜಿಗಿ ಇಲ್ಲ. ಒದ್ದೆ ಮಾಡಿ ಉಂಡೆ ಕಟ್ಟಿದರೆ ಒಣಗುತ್ತಲೇ ಉದುರಿಹೋಗುತ್ತದೆ. ಆದ್ದರಿಂದ ನಿಮ್ಮ ಕಡೆಯ ಕುಂಬಾರರು ಬಳಸುವ ಕೆರೆಯ ಜೇಡಿಗೆ ನೂರಕ್ಕೆ ಹತ್ತು ಪಾಲಿನಷ್ಟು ಬೆರೆಸಿ, ಮೊದಲು ಸಣ್ಣ ಬಿಲ್ಲೆಗಳನ್ನು ಸುಟ್ಟು ನೋಡಿ. ಅದಿರಿನಲ್ಲಿ ಉಳಿದ ಗಂಧಕ ಉರಿಯಲ್ಲಿ ಅನಿಲವಾಗಿ ಹೊರಬೀಳುವಾಗ ಮೈಮೇಲೆ ಬೊಬ್ಬೆಗಳೆದ್ದಾವು, ಕಬ್ಬಿಣದ ಅಂಶದಿಂದ ಕಂದು ಚುಕ್ಕೆಗಳು ಮೂಡಿಯಾವು. ಬೇರೆ ಕೆಲಸದಲ್ಲಿ ದೋಷವೆನಿಸುವ ಇವನ್ನು ನಾನಾದರೆ ಉಜ್ಜಿ ತೆಗೆಯುತ್ತಿರಲಿಲ್ಲ. ದಿಬ್ಬದ ಪುಟ್ಟ ಪ್ರತಿಕೃತಿ ಮಾಡುವುದಕ್ಕಿಂತ (ಸಿನಿಮಾದವರು ಅದರ ನೋಟವನ್ನು ಸಾಕಷ್ಟು ಬಳಸಿಕೊಂಡಿದ್ದಾರೆ) ಮಳೆನೀರು ಅದರ ಮೈಯಲ್ಲಿ ಕೊರೆದ ಸೀಳುಗಳನ್ನು ಹತ್ತಿರದಿಂದ ಗಮನಿಸಿ, ಹಸಿ ಜೇಡಿಯ ಮೇಲೆ ನೀರನ್ನೇ ಹರಿಸಿ ಅಂಥ ಗೆರೆಗಳನ್ನು ತರುವುದು ಮೇಲೆಂದು ನನಗೆ ತೋರುತ್ತದೆ.

ಎಚ್ಚರಿಕೆಯ ಮಾತು: ಒಣ ಪುಡಿಯನ್ನು ಮುಟ್ಟಲೇಬೇಡಿ. ಇಂಥದೇ ಕಲ್ಲಿನ ಧೂಳು ಗಣಿ ಕಾರ್ಮಿಕರ ಶ್ವಾಸಕೋಶಕ್ಕೆ ಸಿಲಿಕೋಸಿಸ್ ತಂದದ್ದು ನಿಮ್ಮ ಮನೆಯವರಿಗೆ ಗೊತ್ತಿರುತ್ತದೆ. ಸೈನೈಡ್ ಬೆಂಕಿಯಲ್ಲಿ ಉಳಿಯದಿದ್ದರೂ ಅದಿರಿನೊಂದಿಗೆ ಬಂದ ಭಾರಲೋಹಗಳು ಹಾಗಲ್ಲ. ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸದೆ, ದಿಬ್ಬದ ಒಡೆಯರ ಅನುಮತಿಯಿಲ್ಲದೆ ಮುಂದುವರಿಯಬೇಡಿ. ಇದರಿಂದ ಊಟದ ಪಾತ್ರೆಯನ್ನಂತೂ ಮಾಡಲೇಬಾರದು.

ಆಕಾರ ಸಾಕೆ ಎಂಬ ಪ್ರಶ್ನೆಗೆ ಇಂಗ್ಲೆಂಡಿನ ಕುಂಬಾರಿಕೆಯ ಉದ್ಯಮಿ ಜೋಸೈಯಾ ವೆಜ್‌ವುಡ್‌ನ ಒಂದು ಕೆಲಸವನ್ನು ನೆನೆಯಬೇಕು. ಆಸ್ಟ್ರೇಲಿಯಾದ ಸಿಡ್ನಿ ಕೋವ್‌ನಲ್ಲಿ ಬ್ರಿಟಿಷರು ನೆಲೆಯೂರಿದ 1788ರಲ್ಲೇ ಗವರ್ನರ್ ಆರ್ಥರ್ ಫಿಲಿಪ್, ಅಲ್ಲಿನ ಮೂಲನಿವಾಸಿಗಳು ಮೈಗೆ ಬಳಿದುಕೊಳ್ಳುತ್ತಿದ್ದ ಬಿಳಿ ಜೇಡಿಯನ್ನು ಲಂಡನ್ನಿಗೆ ಕಳುಹಿಸಿದ. ವೆಜ್‌ವುಡ್ ಮರುವರ್ಷ ಅದರಿಂದ ಪದಕಗಳನ್ನು ಅಚ್ಚು ಹಾಕಿಸಿದ. ಮುಂಬದಿಯಲ್ಲಿ ಶಾಂತಿ, ಕಲೆ, ದುಡಿಮೆಗಳನ್ನು ಕಡಲದಂಡೆಯಲ್ಲಿ ಎದುರುಗೊಳ್ಳುತ್ತಿರುವ ‘ಭರವಸೆ’ಯ ಹೆಣ್ಣುರೂಪವಿದೆ, ನೆಲದ ಜನರಲ್ಲಿ ಒಬ್ಬರೂ ಇಲ್ಲ. ಆದರೆ ಹಿಂಬದಿಯಲ್ಲಿ ಅದನ್ನು ಸಿಡ್ನಿ ಕೋವ್‌ನ ಜೇಡಿಯಿಂದ ಮಾಡಿದ್ದೆಂದು ಒತ್ತಿದ ಅಕ್ಷರಗಳಿವೆ. ಮುಂಬದಿಯ ಚಿತ್ರ ಮರೆಸಿದ್ದನ್ನು ಆ ಒಂದು ಸಾಲು ಇಂದಿಗೂ ಹೇಳುತ್ತಿದೆ. ಪುಡಿಯ ಪಾಲು ಎಷ್ಟೇ ಚಿಕ್ಕದಿರಲಿ, ನಿಮ್ಮ ಶಿಲ್ಪದ ಬೆನ್ನಿಗೂ ಅದು ಯಾವ ದಿಬ್ಬದ್ದೆಂದು ಹಸಿಯಿರುವಾಗಲೇ ಒತ್ತಿಬಿಡಿ. ಅಜ್ಜ ಇಳಿಯುತ್ತಿದ್ದ ಗಣಿಯ ಹೆಸರು ಗೊತ್ತಿದ್ದರೆ ಅದನ್ನೂ ಸೇರಿಸಿ.